ಬಯೋ ಪೆಲೆಟ್ ರಿಯಾಕ್ಟರ್ ಕೆಲಸ ಮಾಡದಿದ್ದಾಗ: ಮಲೆನಾಡಿನ ಉಪ್ಪುನೀರಿನ ತೊಟ್ಟಿಗಳಿಗೊಂದು ದೋಷ ನಿವಾರಣೆ ಕೈಪಿಡಿ

ಚಿಕ್ಕಮಗಳೂರು, ಹಾಸನಗಳಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ಕೆಲವೇ ಮಂದಿ. ಅವರಲ್ಲಿ ಬಯೋ ಪೆಲೆಟ್, ಅಂದರೆ ನೀರಿನಲ್ಲಿ ಸೇರಿಕೊಳ್ಳುವ ನೈಟ್ರೇಟ್, ಫಾಸ್ಫೇಟ್ ಇಳಿಸಲೆಂದು ರಿಯಾಕ್ಟರ್ ಎಂಬ ಪಂಪು ಜೋಡಿಸಿದ ಪಾತ್ರೆಯಲ್ಲಿ ಸುತ್ತಿಸುವ ಕಾಳುಗಳನ್ನು, ಬಳಸುವವರು ಇನ್ನೂ ಕಡಿಮೆ. ಆದರೂ ಅವರಿಂದ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಪೆಲೆಟ್ ಹಾಕಿ ಎರಡು ತಿಂಗಳಾದರೂ ನೈಟ್ರೇಟ್ ಇಳಿದಿಲ್ಲ, ನೀರು ಮಜ್ಜಿಗೆಯಂತೆ ಬೆಳ್ಳಗಾಗಿದೆ, ಕಾಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ರಿಯಾಕ್ಟರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ. ಇಂತಹ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಪೆಲೆಟ್ ಬದಲಿಸುವ ಇಲ್ಲವೇ ಇನ್ನಷ್ಟು ಪೆಲೆಟ್ ಸುರಿಯುವ ಕೆಲಸ. ನನ್ನ ಅನುಭವದಲ್ಲಿ ದೋಷ ಪೆಲೆಟ್‌ನಲ್ಲಿ ಇದ್ದದ್ದು ಬಹಳ ಅಪರೂಪ. ಅದು ನೀರಿನ ಹರಿವಿನಲ್ಲಿ ಇರುತ್ತದೆ, ಆಮ್ಲಜನಕದಲ್ಲಿ ಇರುತ್ತದೆ, ಅಥವಾ ಬ್ಯಾಕ್ಟೀರಿಯಾಗಳಿಗೆ ಬೇಕಾದ ಎರಡು ಪೋಷಕಾಂಶಗಳಲ್ಲಿ ಒಂದು ಮುಗಿದುಹೋಗಿರುತ್ತದೆ. ಈ ಮೂರನ್ನೂ ಇದೇ ಕ್ರಮದಲ್ಲಿ ನೋಡಿ ಮುಗಿಸುವ ತನಕ ರಿಯಾಕ್ಟರಿಗೆ ಒಂದು ಕಾಳನ್ನೂ ಸೇರಿಸಬಾರದು, ಅದರಿಂದ ಒಂದು ಕಾಳನ್ನೂ ತೆಗೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪೆಲೆಟ್ ಏನು ಮಾಡುತ್ತದೆ

ಸಾಬಕ್ಕಿಯಂತೆ ಕಾಣುವ ಈ ಬಿಳಿ ಕಾಳುಗಳು ಜೈವಿಕವಾಗಿ ಕರಗುವ ಪ್ಲಾಸ್ಟಿಕ್‌ನಿಂದ, ಸಾಮಾನ್ಯವಾಗಿ ಪಿಎಚ್‌ಎ ಎಂಬ ಪಾಲಿಮರ್ ಗುಂಪಿನಿಂದ, ತಯಾರಾಗಿರುತ್ತವೆ. ಅವು ತಾವಾಗಿ ನೈಟ್ರೇಟನ್ನಾಗಲಿ ಫಾಸ್ಫೇಟನ್ನಾಗಲಿ ಹೀರಿಕೊಳ್ಳುವುದಿಲ್ಲ. ಕಾಳಿನ ಮೈಮೇಲೆ ನೆಲೆಗೊಳ್ಳುವ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಇಂಗಾಲವನ್ನು ತಿಂದು ಬೆಳೆಯುತ್ತವೆ, ಹಾಗೆ ಬೆಳೆಯುವಾಗ ತಮ್ಮ ಮೈ ಕಟ್ಟಿಕೊಳ್ಳಲು ನೀರಿನ ನೈಟ್ರೇಟಿನಿಂದ ಸಾರಜನಕವನ್ನೂ ಫಾಸ್ಫೇಟಿನಿಂದ ರಂಜಕವನ್ನೂ ಎಳೆದುಕೊಳ್ಳುತ್ತವೆ. ಕಾಳುಗಳು ಒಂದಕ್ಕೊಂದು ಉಜ್ಜಿಕೊಂಡಾಗ ಈ ಲೋಳೆಪದರ ಸ್ವಲ್ಪ ಸ್ವಲ್ಪವೇ ಕಳಚಿ ನೀರಿಗೆ ಸೇರುತ್ತದೆ. ಅದನ್ನು ಪ್ರೋಟೀನ್ ಸ್ಕಿಮ್ಮರ್, ಅಂದರೆ ನೀರಿಗೆ ಗಾಳಿಯ ಗುಳ್ಳೆ ಬೆರೆಸಿ ನೊರೆ ಎಬ್ಬಿಸುವ ಸಾಧನ, ನೊರೆಯೊಂದಿಗೆ ಹೊರಹಾಕಿದಾಗ ಮಾತ್ರ ಪೋಷಕಾಂಶ ತೊಟ್ಟಿಯಿಂದ ನಿಜವಾಗಿ ಹೊರಗೆ ಹೋದಂತೆ. ಕಳಚಿದ ಲೋಳೆ ತೊಟ್ಟಿಯಲ್ಲೇ ಉಳಿದು ಕೊಳೆತರೆ, ಎಳೆದುಕೊಂಡದ್ದೆಲ್ಲ ಮರಳಿ ನೀರಿಗೇ ಬರುತ್ತದೆ. ಆದ್ದರಿಂದ ಸ್ಕಿಮ್ಮರ್ ಇಲ್ಲದ, ಅಥವಾ ತೊಟ್ಟಿಯ ಗಾತ್ರಕ್ಕೆ ಸಾಲದ ಸ್ಕಿಮ್ಮರ್ ಇರುವ ಕಡೆ ಪೆಲೆಟ್ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಮೊದಲ ಪರೀಕ್ಷೆ ಕಣ್ಣಿಗೆ: ಕಾಳುಗಳು ಆಡುತ್ತಿವೆಯೇ

ಅನ್ನ ಕುದಿಯುವಾಗ ಅಗುಳು ತಳದಿಂದ ಮೇಲೆ ಬಂದು ಮತ್ತೆ ಅಂಚಿನಲ್ಲಿ ಕೆಳಗಿಳಿಯುತ್ತದಲ್ಲ, ರಿಯಾಕ್ಟರಿನೊಳಗಿನ ಕಾಳುಗಳೂ ಹಾಗೆಯೇ ನಿಧಾನವಾಗಿ, ಆದರೆ ಎಲ್ಲವೂ, ಆಡುತ್ತಿರಬೇಕು. ಮೇಲಿನ ಪದರ ಆಡುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳಬಾರದು. ಟಾರ್ಚ್ ಹಿಡಿದು ತಳದ ಮೂಲೆಗಳನ್ನು ನೋಡಬೇಕು, ಏಕೆಂದರೆ ಕಾಳುಗಳು ಮೊದಲು ನಿಲ್ಲುವುದು ಅಲ್ಲಿಯೇ. ನಿಂತ ಕಾಳುಗಳ ನಡುವೆ ಲೋಳೆ ಅಂಟಿನಂತೆ ಕೂತು ಉಂಡೆಗಟ್ಟುತ್ತದೆ, ಉಂಡೆಯ ಒಳಗೆ ನೀರು ಹರಿಯುವುದಿಲ್ಲ, ನೀರು ಹರಿಯದಲ್ಲಿ ಆಮ್ಲಜನಕ ಮುಗಿಯುತ್ತದೆ, ಅದು ಮುಗಿದ ಮೇಲೆ ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಸಲ್ಫೇಟನ್ನು ಬಳಸಿ ಬದುಕುವ ಬೇರೊಂದು ಬಗೆಯ ಬ್ಯಾಕ್ಟೀರಿಯಾ ತಲೆ ಎತ್ತಿ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಈ ಅನಿಲವನ್ನು ನಮ್ಮ ಮೂಗು ಅತಿ ಕಡಿಮೆ ಪ್ರಮಾಣದಲ್ಲಿಯೂ ಗುರುತಿಸುತ್ತದೆ. ಹಾಗಾಗಿ ವಾರಕ್ಕೊಮ್ಮೆ ರಿಯಾಕ್ಟರಿನಿಂದ ಹೊರಬರುವ ನೀರನ್ನು ಒಂದು ಲೋಟದಲ್ಲಿ ಹಿಡಿದು ಮೂಸಿ ನೋಡುವುದು ನೀರು ಪರೀಕ್ಷಿಸುವ ಯಾವ ಕಿಟ್‌ಗಿಂತಲೂ ಮೊದಲೇ ಸುಳಿವು ಕೊಡುತ್ತದೆ.

ಕಾಳುಗಳು ಆಡದಿರುವುದಕ್ಕೆ ನಾನು ಕಂಡ ಕಾರಣಗಳಲ್ಲಿ ಮೊದಲನೆಯದು ಮೇಲಿನ ಜಾಲರಿ. ಕಾಳು ಹೊರಹೋಗದಂತೆ ತಡೆಯುವ ಈ ಜಾಲರಿಯ ಕಣ್ಣುಗಳಲ್ಲಿ ಲೋಳೆ ತುಂಬಿಕೊಂಡರೆ ಹರಿವು ದಿನದಿಂದ ದಿನಕ್ಕೆ ಇಳಿಯುತ್ತದೆ. ಅದು ಒಮ್ಮೆಲೇ ನಿಲ್ಲುವುದಿಲ್ಲವಾದ್ದರಿಂದ ದಿನವೂ ನೋಡುವವರಿಗೆ ತಿಳಿಯುವುದೇ ಇಲ್ಲ. ಜಾಲರಿಯನ್ನು ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಸಾಕು. ಎರಡನೆಯದು ಪಂಪಿನೊಳಗೆ ತಿರುಗುವ ಚಕ್ರದ (ಇಂಪೆಲ್ಲರ್) ಮೇಲೆ ಕಟ್ಟಿದ ಸುಣ್ಣ. ಇದಕ್ಕೆ ಬಿಳಿ ವಿನೆಗರಿಗೆ ಸಮಪ್ರಮಾಣದ ನೀರು ಬೆರೆಸಿ ಒಂದು ಗಂಟೆ ನೆನೆಸಬೇಕು. ಹೊಸ ಕಾಳುಗಳಾದರೆ ಗಾಳಿಯ ಗುಳ್ಳೆ ಅಂಟಿಕೊಂಡು ತೇಲುತ್ತಿರಬಹುದು. ಹಾಕುವ ಮೊದಲು ಒಂದು ದಿನ ಆರ್‌ಒ ನೀರಿನಲ್ಲಿ ನೆನೆಹಾಕಿದ್ದರೆ ಆ ತೊಂದರೆ ಬರುತ್ತಿರಲಿಲ್ಲ. ಆಗಲೇ ಉಂಡೆಗಟ್ಟಿದ್ದರೆ ರಿಯಾಕ್ಟರನ್ನು ಬಿಚ್ಚಿ, ತೊಟ್ಟಿಯಿಂದ ತೆಗೆದ ಉಪ್ಪುನೀರಿನಲ್ಲಿ ಕೈಯಿಂದ ಬಿಡಿಸಬೇಕು. ನಲ್ಲಿಯ ನೀರಿನಲ್ಲಿ ತೊಳೆದರೆ ಒಳ್ಳೆಯ ಬ್ಯಾಕ್ಟೀರಿಯಾವೂ ಸತ್ತು, ಮತ್ತೆ ಮೊದಲಿನಿಂದ ಆರು ವಾರ ಕಾಯಬೇಕಾಗುತ್ತದೆ.

ಹರಿವು ಸಾಲದೆಂದು ದೊಡ್ಡ ಪಂಪು ಹಾಕುವವರು ಇನ್ನೊಂದು ತೊಡಕಿಗೆ ಸಿಲುಕುತ್ತಾರೆ. ಒಂದೇ ಪಂಪಿನ ರಿಯಾಕ್ಟರಿನಲ್ಲಿ ಕಾಳುಗಳನ್ನು ಆಡಿಸುವ ನೀರೆಲ್ಲವೂ ಹೊರಬರಲೇಬೇಕು, ಆದ್ದರಿಂದ ಲೋಳೆಯೂ ಅದೇ ವೇಗದಲ್ಲಿ ತೊಟ್ಟಿಗೆ ಬರುತ್ತದೆ. ಒಳಗೆ ಸುತ್ತುವ ನೀರಿಗೆ ಒಂದು ಪಂಪು, ಹೊರಹೋಗುವ ನೀರಿಗೆ ಪ್ರತ್ಯೇಕ ವಾಲ್ವ್ ಇರುವ ರಿಯಾಕ್ಟರಾದರೆ ಇವೆರಡನ್ನೂ ಬೇರೆಬೇರೆಯಾಗಿ ಹಿಡಿತದಲ್ಲಿಡಬಹುದು. ಹಣ ಸ್ವಲ್ಪ ಹೆಚ್ಚಾದರೂ ಅದೇ ಲೇಸು.

ಎರಡನೆಯದು ಉಸಿರು: ಕರೆಂಟು ಹೋದ ರಾತ್ರಿ

ಇಲ್ಲಿ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯಬೇಕು, ಏಕೆಂದರೆ ಬೇರೆ ಊರಿನವರ ಕೈಪಿಡಿಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮ್ಮಲ್ಲಿ ಮಳೆಗಾಲ ಹಿಡಿದರೆ ಗಾಳಿಗೆ ಮರ ಬಿದ್ದು ತಂತಿ ಹರಿಯುವುದು ಹೊಸದಲ್ಲ. ಸಂಜೆ ಹೋದ ಕರೆಂಟು ಬೆಳಿಗ್ಗೆ ಬರುವುದೂ ಉಂಟು. ಒಂದು ಜುಲೈ ತಿಂಗಳ ರಾತ್ರಿ ನನ್ನ ಮನೆಯಲ್ಲಿ ಹಾಗೆಯೇ ಆಯಿತು. 300 ಲೀಟರಿನ ತೊಟ್ಟಿ, 250 ಮಿಲಿಲೀಟರ್ ಪೆಲೆಟ್. ಇನ್ವರ್ಟರ್ ನಡುರಾತ್ರಿಯ ಹೊತ್ತಿಗೆ ಕೈಕೊಟ್ಟಿತ್ತು. ಬೆಳಗಿನ ಜಾವ ಕರೆಂಟು ಬಂದಾಗ ಪಂಪುಗಳೆಲ್ಲ ತಾವಾಗಿಯೇ ಶುರುವಾದವು, ನಾನು ನಿದ್ದೆಯಲ್ಲಿದ್ದೆ. ಎದ್ದು ನೋಡುವಾಗ ನೀರು ಮಂಜಿನಂತೆ ಬೆಳ್ಳಗಾಗಿತ್ತು, ಎರಡು ಕ್ಲೌನ್ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತಿದ್ದವು, ಟ್ಯಾಂಗ್ ಮೀನು ತಳದಲ್ಲಿ ಒರಗಿ ಮಲಗಿತ್ತು. ಆ ಟ್ಯಾಂಗ್ ಮಧ್ಯಾಹ್ನದ ಹೊತ್ತಿಗೆ ಸತ್ತಿತು. ನಾಲ್ಕು ವರ್ಷ ನನ್ನ ಕೈಯಿಂದ ನೋರಿ ಎಂಬ ಒಣ ಕಡಲಪಾಚಿ ತಿಂದ ಮೀನು ಅದು. ಅಂದು ನಾನು ಎದ್ದು ರಿಯಾಕ್ಟರಿನ ಪ್ಲಗ್ ಒಂದನ್ನು ಕಿತ್ತಿದ್ದರೆ ಅದು ಬದುಕುತ್ತಿತ್ತೆಂದು ಇಂದಿಗೂ ನಂಬಿದ್ದೇನೆ.

ಆಗಿದ್ದೇನೆಂದರೆ, ಪಂಪು ನಿಂತ ಮೇಲೆ ರಿಯಾಕ್ಟರಿನೊಳಗಿನ ಒಂದೆರಡು ಲೀಟರ್ ನೀರಿನಲ್ಲಿದ್ದ ಆಮ್ಲಜನಕವನ್ನು ಅಷ್ಟು ದಟ್ಟವಾಗಿ ನೆಲೆಸಿದ್ದ ಬ್ಯಾಕ್ಟೀರಿಯಾಗಳು ಬೇಗನೆ ಮುಗಿಸಿದವು, ನಂತರ ಅವುಗಳಲ್ಲಿ ಬಹಳಷ್ಟು ಸತ್ತು ಕೊಳೆಯತೊಡಗಿದವು, ಕರೆಂಟು ಬಂದ ಕ್ಷಣ ಆ ವಿಷದ ನೀರೆಲ್ಲವೂ ಒಮ್ಮೆಲೇ ತೊಟ್ಟಿಗೆ ನುಗ್ಗಿತು. ಇಡೀ ರಾತ್ರಿ ಅಲುಗಾಡದೆ ನಿಂತಿದ್ದ ತೊಟ್ಟಿಯ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆಯಾಗಿತ್ತು. ನಮ್ಮ ಊರುಗಳ ಎತ್ತರವೂ ಇದಕ್ಕೆ ಕೂಡುತ್ತದೆ. ಹಾಸನವೂ ಚಿಕ್ಕಮಗಳೂರೂ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿವೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಶೇ. 11ರಷ್ಟು ಕಡಿಮೆ, ನೀರು ಹಿಡಿದುಕೊಳ್ಳಬಲ್ಲ ಆಮ್ಲಜನಕವೂ ಅಷ್ಟೇ ಕಡಿಮೆ. 25 ಡಿಗ್ರಿ ಉಷ್ಣತೆಯ ಉಪ್ಪುನೀರಿನಲ್ಲಿ ಮಂಗಳೂರಿನಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಕರಗಬಹುದಾದರೆ, ನಮ್ಮಲ್ಲಿ ಕರಗುವುದು 6 ಮಿಲಿಗ್ರಾಂ ಆಸುಪಾಸು. ಎಲ್ಲವೂ ಸರಿಯಿರುವ ದಿನಗಳಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಪೆಲೆಟ್‌ನ ಬ್ಯಾಕ್ಟೀರಿಯಾ ತನ್ನ ಪಾಲನ್ನು ಕೇಳತೊಡಗಿದಾಗ ಗೊತ್ತಾಗುತ್ತದೆ.

ಆದ್ದರಿಂದ ನಾನು ಈಗ ಪಾಲಿಸುವ ನಿಯಮ ಹೀಗಿದೆ. ರಿಯಾಕ್ಟರ್ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ನಿಂತಿದ್ದರೆ ಅದನ್ನು ತಾನಾಗಿ ಶುರುವಾಗಲು ಬಿಡುವುದಿಲ್ಲ. ಕರೆಂಟು ಹೋಗಿ ಅದು ನಿಂತೊಡನೆ ಅದರ ಪ್ಲಗ್ ಕಿತ್ತಿಡುತ್ತೇನೆ, ಕರೆಂಟು ಬಂದ ಮೇಲೆ ಹೊರಹೋಗುವ ಕೊಳವೆಯನ್ನು ಒಂದು ಬಕೆಟ್‌ಗೆ ತಿರುಗಿಸಿ ಒಳಗಿನ ನೀರನ್ನೆಲ್ಲ ಹೊರಗೆ ಚೆಲ್ಲುತ್ತೇನೆ, ಬರುವ ನೀರು ತಿಳಿಯಾಗಿ, ವಾಸನೆ ಪೂರ್ತಿ ಹೋದ ಮೇಲೆ ಕೊಳವೆಯನ್ನು ಸ್ಕಿಮ್ಮರಿನ ಬಳಿಗೆ ಮರಳಿಸುತ್ತೇನೆ. ಕೆಲವು ಗಂಟೆಗಳೇ ಕಳೆದಿದ್ದರೆ ಕಾಳುಗಳನ್ನು ಹೊರತೆಗೆದು ಉಪ್ಪುನೀರಿನಲ್ಲಿ ತೊಳೆದು, ಕಾಲು ಭಾಗವನ್ನಷ್ಟೇ ಮರಳಿ ಹಾಕಿ, ಉಳಿದದ್ದನ್ನು ವಾರಕ್ಕೆ ಇಷ್ಟಿಷ್ಟೇ ಸೇರಿಸುತ್ತೇನೆ. ಕೆಟ್ಟ ನೀರು ಆಗಲೇ ತೊಟ್ಟಿಗೆ ಸೇರಿಬಿಟ್ಟಿದ್ದರೆ ರಿಯಾಕ್ಟರನ್ನು ನಿಲ್ಲಿಸಿ, ಗಾಳಿಯ ಪಂಪನ್ನು ಪೂರ್ತಿ ಬಿಟ್ಟು, ಸ್ಕಿಮ್ಮರನ್ನು ಜೋರಾಗಿ ಓಡಿಸಿ, ಸಿದ್ಧವಿದ್ದರೆ ಕಾಲು ಭಾಗ ನೀರು ಬದಲಿಸಿ, ಆಕ್ಟಿವೇಟೆಡ್ ಕಾರ್ಬನ್ ಹಾಕಬೇಕು. ಬೆಳ್ಳಗಾದ ನೀರಿಗಿಂತ ಅದರಲ್ಲಿ ಇಲ್ಲವಾಗಿರುವ ಆಮ್ಲಜನಕವೇ ಮೀನನ್ನು ಕೊಲ್ಲುವುದರಿಂದ ಮೊದಲು ಗಾಳಿ, ಆಮೇಲೆ ಉಳಿದದ್ದು.

ಇನ್ವರ್ಟರಿಗೆ ಯಾವುದನ್ನು ಸೇರಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ: ಮುಖ್ಯ ತೊಟ್ಟಿಯಲ್ಲಿ ಗಾಳಿಯ ಪಂಪು ಮೊದಲು, ಶೋಧಕ ತೊಟ್ಟಿಯ ನೀರನ್ನು ಮುಖ್ಯ ತೊಟ್ಟಿಗೆ ಮರಳಿಸುವ ರಿಟರ್ನ್ ಪಂಪು ಎರಡನೆಯದು, ರಿಯಾಕ್ಟರಿನ ಪಂಪು ಮತ್ತು ಸ್ಕಿಮ್ಮರ್ ಒಟ್ಟಿಗೆ ಮೂರನೆಯದು. ಸ್ಕಿಮ್ಮರ್ ನಿಂತು ರಿಯಾಕ್ಟರ್ ಮಾತ್ರ ಓಡುವುದು ಎರಡೂ ನಿಂತದ್ದಕ್ಕಿಂತ ಹೆಚ್ಚೇನೂ ಒಳ್ಳೆಯದಲ್ಲ, ಏಕೆಂದರೆ ಲೋಳೆ ಬರುತ್ತಲೇ ಇರುತ್ತದೆ, ಅದನ್ನು ತೆಗೆಯುವವರು ಇರುವುದಿಲ್ಲ. ಹೀಟರ್ ಬ್ಯಾಟರಿಯನ್ನು ಬೇಗನೆ ತಿಂದುಹಾಕುವುದರಿಂದ ಅದನ್ನು ಹೊರಗಿಡಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಕೆಲವು ಎಸಿ ಪಂಪುಗಳು ಗುಂಯ್ಗುಡುತ್ತ ಬಿಸಿಯೇರುತ್ತವೆ, ತಿರುಗುವುದೇ ಇಲ್ಲ. ಸದ್ದು ಕೇಳಿ ಓಡುತ್ತಿದೆ ಎಂದುಕೊಳ್ಳದೆ, ಕಾಳು ಆಡುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು.

ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿದ ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ತೊಟ್ಟಿಯ ಪಿಎಚ್ ಇಳಿಯುತ್ತದೆ. ಪೆಲೆಟ್‌ನ ಬ್ಯಾಕ್ಟೀರಿಯಾದ ಉಸಿರಾಟವೂ ಅದನ್ನೇ ಮಾಡುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ತೊಟ್ಟಿಯ ನೀರನ್ನು ಎರಡು ಲೋಟಗಳಲ್ಲಿ ತೆಗೆದು, ಒಂದಕ್ಕೆ ಮನೆಯೊಳಗೆ, ಇನ್ನೊಂದಕ್ಕೆ ಅಂಗಳದಲ್ಲಿ ಒಂದು ಗಂಟೆ ಗಾಳಿ ಊದಿಸಿ ಪಿಎಚ್ ಅಳೆಯಬಹುದು. ಅಂಗಳದ ಲೋಟದಲ್ಲಿ ಮಾತ್ರ ಏರಿದರೆ ಕಾರಣ ಮನೆಯ ಗಾಳಿ. ಎರಡರಲ್ಲೂ ಏರಿದರೆ ತೊಟ್ಟಿಗೆ ಗಾಳಿ ಸಾಲುತ್ತಿಲ್ಲ, ಅಂದರೆ ಪೆಲೆಟ್ ಕಡಿಮೆ ಮಾಡಬೇಕು ಅಥವಾ ಸ್ಕಿಮ್ಮರನ್ನು ಬಲಪಡಿಸಬೇಕು.

ಮೂರನೆಯದು: ನೈಟ್ರೇಟ್ ಇಳಿಯುತ್ತಿಲ್ಲ, ಅಥವಾ ಫಾಸ್ಫೇಟ್ ಇಳಿಯುತ್ತಿಲ್ಲ

ಹರಿವೂ ಗಾಳಿಯೂ ಸರಿಯಿದ್ದು, ಎಂಟು ವಾರ ಕಳೆದಿದ್ದರೆ ಮಾತ್ರ ಇಲ್ಲಿಗೆ ಬರಬೇಕು. ಅದಕ್ಕೂ ಮೊದಲು ಕಿಟ್ಟನ್ನು ಅನುಮಾನಿಸುವುದು ಒಳ್ಳೆಯದು. ರಾಸಾಯನಿಕದ ಅವಧಿ ಮುಗಿದಿಲ್ಲವೇ, ಅದು ತೋರಿಸುವ ಅಂಕಿ ನೈಟ್ರೇಟಿನದೋ ನೈಟ್ರೇಟ್-ಸಾರಜನಕದ್ದೋ ನೋಡಿಕೊಳ್ಳಬೇಕು. ಎರಡನೆಯದಾದರೆ 4.4ರಿಂದ ಗುಣಿಸಬೇಕು. ನೀರಿನಲ್ಲಿ ನೈಟ್ರೈಟ್ (ಇದು ನೈಟ್ರೇಟ್ ಅಲ್ಲ, ಸಾರಜನಕದ ಬೇರೊಂದು ಸಂಯುಕ್ತ) ಇದ್ದರೆ ಹಲವು ಕಿಟ್‌ಗಳು ನೈಟ್ರೇಟನ್ನು ಇರುವುದಕ್ಕಿಂತ ಬಹಳ ಹೆಚ್ಚು ತೋರಿಸುತ್ತವೆ. ರಿಯಾಕ್ಟರಿನಲ್ಲಿ ಉಸಿರು ಕಟ್ಟಿದ ಜಾಗವಿದ್ದರೆ ಅಂತಹ ನೈಟ್ರೈಟ್ ಅಲ್ಲಿಂದಲೂ ಬರಬಹುದು.

ಬ್ಯಾಕ್ಟೀರಿಯಾ ಬೆಳೆಯಲು ಸಾರಜನಕವೂ ಬೇಕು, ರಂಜಕವೂ ಬೇಕು. ಸಮುದ್ರದ ಸೂಕ್ಷ್ಮಜೀವಿಗಳಲ್ಲಿ ಇಂಗಾಲ, ಸಾರಜನಕ, ರಂಜಕಗಳು ಸರಾಸರಿ 106:16:1ರ ಪರಮಾಣು ಅನುಪಾತದಲ್ಲಿ ಇರುತ್ತವೆಂಬುದು ರೆಡ್‌ಫೀಲ್ಡ್ ಅನುಪಾತ ಎಂದೇ ಹೆಸರಾಗಿದೆ. ನಮ್ಮ ಕಿಟ್‌ಗಳ ಲೆಕ್ಕಕ್ಕೆ ತಂದರೆ, 1 ಪಿಪಿಎಂ (ಲೀಟರಿಗೆ ಸುಮಾರು 1 ಮಿಲಿಗ್ರಾಂ) ಫಾಸ್ಫೇಟ್ ಇಳಿಯುವಾಗ ಸುಮಾರು 10 ಪಿಪಿಎಂ ನೈಟ್ರೇಟ್ ಜೊತೆಗೆ ಹೋಗಬೇಕು. ಇದರ ಮೇಲೆ, ಲೋಳೆಪದರದ ಒಳಮೈಯಲ್ಲಿ ಆಮ್ಲಜನಕ ಕಡಿಮೆಯಿರುವ ಕಡೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಉಸಿರಾಟಕ್ಕೇ ಬಳಸಿ ಸಾರಜನಕ ಅನಿಲವಾಗಿ ಬಿಡುತ್ತದೆ. ಆ ದಾರಿಯಲ್ಲಿ ಹೋಗುವ ನೈಟ್ರೇಟಿಗೆ ಜೊತೆಯಾಗಿ ಫಾಸ್ಫೇಟ್ ಹೋಗುವುದಿಲ್ಲ. ಪೆಲೆಟ್‌ ನೈಟ್ರೇಟಿನ ಮೇಲೆ ಬಲವಾಗಿ, ಫಾಸ್ಫೇಟಿನ ಮೇಲೆ ಮೆತ್ತಗೆ ಕೆಲಸ ಮಾಡುವುದು ಇದರಿಂದ.

ಈ ಲೆಕ್ಕ ತಿಳಿದರೆ ಒಂದಕ್ಕೊಂದು ವಿರುದ್ಧವಾದ ಎರಡು ದೋಷಗಳು ಬೇರೆಬೇರೆಯಾಗಿ ಕಾಣುತ್ತವೆ. ಒಂದು ತೊಟ್ಟಿಯಲ್ಲಿ ನೈಟ್ರೇಟ್ 4, ಫಾಸ್ಫೇಟ್ 0.6 ಇದೆ ಎನ್ನೋಣ. ಅಷ್ಟು ಫಾಸ್ಫೇಟ್ ಹೋಗಲು 6ಕ್ಕಿಂತಲೂ ಹೆಚ್ಚು ನೈಟ್ರೇಟ್ ಬೇಕು, ಇರುವುದು 4. ನೈಟ್ರೇಟ್ ಸೊನ್ನೆಗೆ ಬಂದು ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲುತ್ತದೆ, ಫಾಸ್ಫೇಟ್ ಅಲ್ಲೇ ಉಳಿಯುತ್ತದೆ, ಬಂಡೆಯ ಮೇಲೆ ಕೆಂಪು ಲೋಳೆಯಂತಹ ಸಯನೋಬ್ಯಾಕ್ಟೀರಿಯಾ ಹರಡುತ್ತದೆ. ಇಲ್ಲಿ ಇನ್ನಷ್ಟು ಪೆಲೆಟ್ ಹಾಕುವುದು ಬೆಂಕಿಗೆ ತುಪ್ಪ ಸುರಿದಂತೆ. ಪೆಲೆಟ್ ತಗ್ಗಿಸಿ, ಫಾಸ್ಫೇಟಿಗೆ ಜಿಎಫ್‌ಒ ಎಂದು ಕರೆಯುವ ಕಬ್ಬಿಣದ ಆಕ್ಸೈಡ್ ಕಣಗಳನ್ನು ಸ್ವಲ್ಪ ಸ್ವಲ್ಪವಾಗಿ ಬಳಸಬೇಕು. ಹಳೆಯ ಬಂಡೆಗಳು ತಮ್ಮಲ್ಲಿ ಹಿಡಿದಿಟ್ಟ ಫಾಸ್ಫೇಟನ್ನು ಬಿಡುತ್ತಲೇ ಇರುವುದರಿಂದ ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಇನ್ನೊಂದು ತೊಟ್ಟಿಯಲ್ಲಿ ನೈಟ್ರೇಟ್ 40, ಫಾಸ್ಫೇಟ್ 0.01 ಇದೆ, ಜಿಎಫ್‌ಒ ಆಗಲೇ ಓಡುತ್ತಿದೆ. ಅಲ್ಲಿ ಬ್ಯಾಕ್ಟೀರಿಯಾಕ್ಕೆ ರಂಜಕವೇ ಸಿಗುತ್ತಿಲ್ಲ, ಆದ್ದರಿಂದ ಪೆಲೆಟ್ ಸುಮ್ಮನೆ ಸುತ್ತುತ್ತಿದೆ. ಜಿಎಫ್‌ಒ ತೆಗೆದು, ಫಾಸ್ಫೇಟ್ 0.05ರ ಆಸುಪಾಸಿಗೆ ಬರಲು ಬಿಟ್ಟರೆ ಕೆಲವು ವಾರಗಳಲ್ಲಿ ನೈಟ್ರೇಟ್ ಜಾರತೊಡಗುತ್ತದೆ. ಎರಡೂ ಮನೆಗಳಿಂದ ಬರುವ ದೂರು ಮಾತ್ರ ಒಂದೇ: ಪೆಲೆಟ್ ಕೆಲಸ ಮಾಡುತ್ತಿಲ್ಲ.

ಎರಡೂ ಸೊನ್ನೆಯಾಗುವುದು ಗೆಲುವಲ್ಲ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1ರ ನಡುವೆ ಇರಲೆಂದು ನಾನು ನೋಡಿಕೊಳ್ಳುತ್ತೇನೆ. ಎರಡೂ ಇಲ್ಲವಾದರೆ ಹವಳಗಳು ಬಿಳಿಚಿಕೊಳ್ಳುತ್ತವೆ, ಕಂದು ದಾರದಂತೆ ಗುಳ್ಳೆ ಕಟ್ಟುವ ಸೂಕ್ಷ್ಮಜೀವಿಗಳಾದ ಡೈನೋಫ್ಲಾಜೆಲ್ಲೇಟ್‌ಗಳು ಬಂಡೆಯನ್ನು ಆವರಿಸುತ್ತವೆ. ಪೋಷಕಾಂಶ ಕಡಿಮೆಯಿರುವ ತೊಟ್ಟಿಯಲ್ಲಿ ಕ್ಷಾರತೆಯನ್ನೂ 7ರಿಂದ 8 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಒಳಗೇ ಇಡಬೇಕು, ಮೇಲೇರಿದರೆ ಗಟ್ಟಿ ಹವಳಗಳ ತುದಿ ಸುಟ್ಟಂತಾಗುತ್ತದೆ. ನಮ್ಮ ಕಡಲಿನ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ರಕ್ಷಣೆ ಪಡೆದಿವೆ. ಅವನ್ನು ಯಾರಾದರೂ ತಂದುಕೊಡುತ್ತೇನೆಂದರೆ ಬೇಡವೆನ್ನಬೇಕು. ನನ್ನದು ಮುಖ್ಯವಾಗಿ ಮೀನಿನ ತೊಟ್ಟಿ.

ಹೊಸ ನೀರೇ ದೋಷವನ್ನು ತರುತ್ತಿದ್ದರೆ

ಹಾಸನದ ಸ್ನೇಹಿತರೊಬ್ಬರ ತೊಟ್ಟಿಯಲ್ಲಿ ಆರು ತಿಂಗಳು ನೈಟ್ರೇಟ್ 25ರಿಂದ ಕೆಳಗೆ ಇಳಿಯಲೇ ಇಲ್ಲ. ರಿಯಾಕ್ಟರ್ ಸರಿಯಿತ್ತು, ಸ್ಕಿಮ್ಮರ್ ದಿನವೂ ಗಾಢವಾದ ಕೊಳೆ ತೆಗೆಯುತ್ತಿತ್ತು. ಕೊನೆಗೆ ಅವರು ಉಪ್ಪು ಬೆರೆಸಲು ಬಳಸುತ್ತಿದ್ದ ನೀರನ್ನೇ ಅಳೆದಾಗ ಅದರಲ್ಲೇ ನೈಟ್ರೇಟ್ ಕಾಣಿಸಿತು. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ಕುಡಿಯುವ ನೀರಿಗೆ ರುಚಿ ಬರಲೆಂದು ಶೋಧಿಸದ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ತಿರುಪು ಇರುತ್ತದೆ. ಅವರ ಮನೆಯ ಬೋರ್‌ವೆಲ್ ನೀರು ಆ ದಾರಿಯಿಂದ ತೊಟ್ಟಿ ಸೇರುತ್ತಿತ್ತು. ತಿರುಪನ್ನು ಪೂರ್ತಿ ಮುಚ್ಚಿ, ಖನಿಜ ಸೇರಿಸುವ ಕಾರ್ಟ್ರಿಜ್ ತಪ್ಪಿಸಿ, ಕೊನೆಗೆ ಉಳಿದ ಲವಣವನ್ನೂ ಹಿಡಿಯುವ ಡಿಐ ರಾಳದ ಕೊಳವೆಯೊಂದನ್ನು ಜೋಡಿಸಿ, ಟಿಡಿಎಸ್ ಸೊನ್ನೆಗೆ ಬಂದ ಮೇಲೆ ಆ ತೊಟ್ಟಿಯ ನೈಟ್ರೇಟ್ ಇಳಿಯಿತು. ಶಿರಾಡಿ ಘಾಟಿಯ ಮೇಲೆ ಕ್ಯಾನುಗಳಲ್ಲಿ ಕಡಲ ನೀರು ತರಿಸುವವರೂ ಇದ್ದಾರೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ನೀರಿಗೆ ನದಿಗಳ ಸಿಹಿನೀರು ಸೇರಿ ಲವಣಾಂಶ ಕುಸಿದಿರುತ್ತದೆ, ಆಳದಿಂದ ಮೇಲೇಳುವ ಪೋಷಕಾಂಶಭರಿತ ನೀರೂ ಅದೇ ಕಾಲದಲ್ಲಿ ದಡದ ಬಳಿಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ನೀರನ್ನು ಅಳೆಯದೆ ತೊಟ್ಟಿಗೆ ಸುರಿಯಬಾರದು.

ಪೆಲೆಟ್ ಪ್ರಮಾಣದ ಬಗ್ಗೆ ಇನ್ನೊಂದು ವಿಷಯ. ಪೊಟ್ಟಣದ ಮೇಲೆ ಬರೆದಿರುವ ಪೂರ್ತಿ ಪ್ರಮಾಣವನ್ನು ಮೊದಲ ದಿನವೇ ಹಾಕದೆ ಕಾಲು ಭಾಗದಿಂದ ಆರಂಭಿಸಿ, ಎರಡು ವಾರಕ್ಕೊಮ್ಮೆ ನೀರನ್ನು ಅಳೆದು ಸೇರಿಸಬೇಕು. ಕಾಳುಗಳು ತಿಂಗಳು ಕಳೆದಂತೆ ಸವೆದು ಸಣ್ಣದಾಗಿ ಜಾಲರಿಯಿಂದ ನುಸುಳುತ್ತವೆ. ಸ್ಕಿಮ್ಮರಿನ ಪಂಪಿನಲ್ಲಿ ಬಿಳಿ ಚೂರುಗಳು ಸಿಕ್ಕರೆ ಗಾಬರಿಯಾಗಬೇಕಿಲ್ಲ, ಮೇಲ್ತುಂಬುವ ಕಾಲ ಬಂದಿದೆ ಎಂದಷ್ಟೇ ಅರ್ಥ. ಪೆಲೆಟ್ ಬೇಡವೆನಿಸಿದರೂ ಒಂದೇ ಸಲ ತೆಗೆಯದೆ ಒಂದೂವರೆ ಎರಡು ತಿಂಗಳಲ್ಲಿ ಹಂತಹಂತವಾಗಿ ತಗ್ಗಿಸಬೇಕು. ಮೇ ಕೊನೆಯ ವಾರ, ಮೊದಲ ಗುಡುಗಿಗೆ ಮುಂಚೆ, ನಾನು ನನ್ನ ತೊಟ್ಟಿಯ ಪೆಲೆಟ್ ಅನ್ನು 250ರಿಂದ 150 ಮಿಲಿಲೀಟರಿಗೆ ಇಳಿಸಿ, ಮೀನುಗಳ ಆಹಾರವನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡಿ, ರಿಯಾಕ್ಟರಿನ ಪ್ಲಗ್ಗಿಗೆ ಒಂದು ಕೆಂಪು ಪಟ್ಟಿ ಕಟ್ಟುತ್ತೇನೆ. ಕತ್ತಲಲ್ಲಿ ಮನೆಯ ಯಾರೇ ಎದ್ದರೂ ಮೊದಲು ಕೀಳಬೇಕಾದದ್ದು ಅದನ್ನೇ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ.